ದಯವಿಟ್ಟು ಕಾಯಿರಿ

ಗಂಟು ಕೈಗೆ ಸಿಕ್ಕಿದಾಗ ನಾನು ಮೈತುಂಬ ಸೋಪಿನ ನೊರೆ ಹೊತ್ತು, ನಲ್ಲಿ ತಿರುಗಿಸುವ ಹಾಗಿಲ್ಲದೆ, ಸ್ನಾನದ ಮನೆಯಲ್ಲಿ ಸುಮ್ಮನೆ ನಿಂತಿದ್ದೆ. ನಮ್ಮ ಮನೆಯಲ್ಲಿ ಇದೇನೂ ಹೊಸದಲ್ಲ. ಕೆಂಪು ದೀಪ ಹೊತ್ತಿಕೊಂಡಿತೆಂದರೆ ನೀರು ಬಿಡಬಾರದು, ಬಾಗಿಲು ಎಳೆಯಬಾರದು, ಚಪ್ಪಲಿ ಮೆಟ್ಟಿ ಓಡಾಡಬಾರದು. ನನ್ನ ಗಂಡ ತಮ್ಮ ಕೋಣೆಯಲ್ಲಿ ಕೂತು ಧ್ವನಿಮುದ್ರಣ ಮಾಡುತ್ತಿದ್ದಾರೆ ಎಂದರ್ಥ. ದೀಪ ಹಜಾರದಲ್ಲೊಂದು, ಅಡುಗೆಮನೆಯಲ್ಲೊಂದು, ಸ್ನಾನದ ಮನೆಯಲ್ಲೊಂದು. ಮಲಗುವ ಕೋಣೆಯಲ್ಲಿ ಮಾತ್ರ ಇಲ್ಲ. ಅಲ್ಲಿ ಮಾತುಕತೆಯೇ ನಡೆಯದ ಕಾರಣ ದೀಪದ ಅಗತ್ಯ ಬಿದ್ದಿಲ್ಲ.

ಬೇರೆ ಕೆಲಸವಿಲ್ಲದೆ ಎಡಪಕ್ಕೆಯನ್ನೇ ಉಜ್ಜುತ್ತಿದ್ದೆ. ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ, ಬೆರಳು ಎಡವಿತು. ಒತ್ತಿದೆ, ಅಲುಗಲಿಲ್ಲ. ಚರ್ಮ ಹಿಡಿದು ಎಳೆದೆ. ಚರ್ಮ ಬಂತು, ಅದು ಬರಲಿಲ್ಲ. ಅರ್ಧ ಗೋಲಿಯಷ್ಟು ದಪ್ಪ, ಕಲ್ಲಿನ ಹಾಗೆ ಗಟ್ಟಿ. ನನ್ನ ಅಮ್ಮನಿಗೂ ಹೀಗೇ ಒಂದು ಗಂಟಿನಿಂದ ಶುರುವಾಗಿತ್ತು. ಏನಿಲ್ಲ ಬಿಡು, ಏನಿಲ್ಲ ಬಿಡು ಎಂದು ಎಲ್ಲರೂ ಹೇಳುತ್ತಿರುವಾಗಲೇ ಅವಳು ಹೋಗಿಬಿಟ್ಟಳು.

ದೀಪ ಆರಿದ ಮೇಲೆ ಮೈ ತೊಳೆದುಕೊಂಡು ಬಂದೆ. ಇವರು ಅಡುಗೆಮನೆಯಲ್ಲಿ ನಿಂತು ಗಂಟಲಿಗೆಂದು ಬಿಸಿನೀರು ಗುಟುಕರಿಸುತ್ತಿದ್ದರು.

"ರೀ, ಇಲ್ಲೇನೋ ಗಂಟಾಗಿದೆ. ಒಂದ್ಸಲ ಮುಟ್ಟಿ ನೋಡಿ."

"ಮುಟ್ಟಿ ನಾನೇನು ಹೇಳ್ಲಿ? ನಾನೇನು ಡಾಕ್ಟ್ರಾ?" ಎಂದರು. "ತೋರಿಸ್ಕೊಂಡು ಬಾ. ಏನಿರಲ್ಲ ಬಿಡು. ಈಗ ಮಾತಾಡಿಸ್ಬೇಡ, ಸಾಯಂಕಾಲ ಇನ್ನೊಂದಿದೆ, ಗಂಟಲು ಕೂತ್ಕೊಳ್ಳುತ್ತೆ."

ಇವರ ಧ್ವನಿಯನ್ನು ನೀವೂ ಕೇಳಿರುತ್ತೀರಿ. ಲಿಫ್ಟಿನಲ್ಲಿ 'ಬಾಗಿಲು ಮುಚ್ಚುತ್ತಿದೆ' ಎನ್ನುವುದು ಇವರೇ. ಬ್ಯಾಂಕಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವುದೂ ಇವರೇ. ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಹಾಕುವ ಕಥೆಗಳೂ ಇವರವೇ. ಮಕ್ಕಳು ಕೇಳುತ್ತ ಕೇಳುತ್ತ ಕಣ್ಣು ಮುಚ್ಚುತ್ತವೆ. ಅಲ್ಲಿನ ಆಯಾ ಪ್ರತಿ ಸಲವೂ ಗಲ್ಲಕ್ಕೆ ಕೈಕೊಟ್ಟು, "ಇಂಥ ಮೃದು ಮಾತಿನೋರ ಜತೆ ಸಂಸಾರ ಮಾಡೋಕೆ ಪುಣ್ಯ ಮಾಡಿರ್ಬೇಕು ಮಿಸ್" ಎನ್ನುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಆ ಧ್ವನಿಯನ್ನು ಇವರು ಕೋಣೆಯಿಂದ ಹೊರಗೆ ತರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಮೈಕಿನ ಮುಂದೆ ಎಲ್ಲ ಖರ್ಚಾಗಿ, ನನ್ನ ಪಾಲಿಗೆ ಉಳಿಯುವುದು ಕೈಸನ್ನೆ ಮಾತ್ರ. ಹೊರಗಿನ ಸದ್ದು ಒಳಗೆ ಹೋಗದಿರಲೆಂದು ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾರೆ. ಕಂಬಳಿ ಸಾಲದೆ ನನ್ನ ಹಾಸಿಗೆಯನ್ನೂ ಒಯ್ದು ಬಾಗಿಲಿಗೆ ಆನಿಸಿಕೊಂಡಿದ್ದಾರೆ. ಫ್ರಿಜ್ಜು ಗುಂಯ್‌ಗುಡುತ್ತದೆಂದು ಮುದ್ರಣದ ಹೊತ್ತಿಗೆ ಅದರ ಪ್ಲಗ್ಗನ್ನೂ ಕೀಳುತ್ತಾರೆ. ನಮ್ಮ ಮನೆಯಲ್ಲಿ ಹಾಲು ಕೆಡಬಹುದು, ಧ್ವನಿ ಕೆಡಬಾರದು.

ಮೊದಲು ಹೋದದ್ದು ನಮ್ಮ ಬೀದಿಯ ಡಾಕ್ಟರ ಹತ್ತಿರ. ನಾನು ಬಾಯಿ ತೆರೆಯುವಷ್ಟರಲ್ಲೇ ಅವರು ಬರೆಯಲು ಶುರುಮಾಡಿದ್ದರು. ಬಟ್ಟೆಯ ಮೇಲಿಂದಲೇ ಪೆನ್ನಿನ ಹಿಂಬದಿಯಿಂದ ಒಂದು ಸಲ ಕುಟ್ಟಿ, "ಕೊಬ್ಬಿನ ಗಂಟು. ತಲೆ ಕೆಡಿಸ್ಕೋಬೇಡಿ" ಎಂದರು. ನಾನು ಕಳೆದ ಚಳಿಗಾಲದಿಂದೀಚೆಗೆ ಇಳಿದು ಕಡ್ಡಿಯಾಗಿದ್ದೇನೆ. ಇದ್ದಬದ್ದ ಕೊಬ್ಬೆಲ್ಲ ಕರಗಿ ಅಲ್ಲೊಂದೇ ಕಡೆ ಠಿಕಾಣಿ ಹೂಡಿದೆಯೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ನಾದಿನಿಗೆ ಸುದ್ದಿ ಮುಟ್ಟಿತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಣ್ಣನ ಮನೆಗೆ ಬಂದರೆ ಪೂರ್ತಿ ಡಾಕ್ಟರೇ.

"ಅತ್ತಿಗೆ, ಅದು ಗ್ಯಾಸು. ನೀವು ಹೊತ್ತೊತ್ತಿಗೆ ತಿನ್ನಲ್ಲ, ಅದಕ್ಕೇ."

"ಗ್ಯಾಸು ಗಟ್ಟಿಯಾಗಿ ಗೋಲಿ ಆಗುತ್ತೇನೇ? ಮುಟ್ಟಿ ನೋಡು ಬಾ."

"ಅಯ್ಯೋ, ಬೇಡಪ್ಪ. ನಂಗೆ ಅದೆಲ್ಲ ಒಂಥರಾ ಆಗುತ್ತೆ" ಎಂದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನನ್ನ ಮೈಯಲ್ಲಿರುವುದನ್ನು ಮುಟ್ಟಲು ಅವಳಿಗೆ ಅಸಹ್ಯ. ಹೊತ್ತು ತಿರುಗುವವಳು ನಾನು. ಸ್ನಾನಕ್ಕೆ ಹೋದರೆ, ಮಲಗಿದರೆ, ಮಗುವೊಂದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರೆ ಕೈ ಅಲ್ಲಿಗೇ ಹೋಗುತ್ತಿತ್ತು. ಬೆಳೆದಿದೆಯೇ, ಹಾಗೇ ಇದೆಯೇ? ಸಾಯುತ್ತೇನೆಯೇ, ಇಲ್ಲವೇ? ಇಷ್ಟು ಹೇಳಲು ಒಬ್ಬರೂ ಇರಲಿಲ್ಲ.

ಕೊನೆಗೆ ದೊಡ್ಡ ಆಸ್ಪತ್ರೆಗೆ ತೋರಿಸೋಣವೆಂದು ಫೋನು ಮಾಡಿದೆ. ಅತ್ತ ಕಡೆಯಿಂದ ಯಾರು ಮಾತಾಡಬೇಕು? ಇವರೇ.

"ನಮಸ್ಕಾರ. ನಿಮ್ಮ ನೋವನ್ನು ನಾವು ಕೇಳಿಸಿಕೊಳ್ಳುತ್ತೇವೆ. ದಯವಿಟ್ಟು ಕಾಯಿರಿ."

ಎಂಥ ಧ್ವನಿ ಅಂತೀರಿ. ಬೆಚ್ಚಗೆ, ಪಕ್ಕದಲ್ಲೇ ಕೂತು ತಲೆ ಸವರುವ ಹಾಗೆ. ಆಮೇಲೆ ಒಂದಿಷ್ಟು ಕೊಳಲು. ಮತ್ತೆ ನಮಸ್ಕಾರ, ಮತ್ತೆ ನೋವು, ಮತ್ತೆ ಕಾಯಿರಿ. ಅದೇ ಹೊತ್ತಿಗೆ ಹಜಾರದ ಕೆಂಪು ದೀಪ ಹೊತ್ತಿಕೊಂಡಿತು. ಕಿವಿಯಲ್ಲೂ ಇವರು, ಬಾಗಿಲ ಹಿಂದೆಯೂ ಇವರು, ಎರಡೂ ಕಡೆ ನನಗೆ ಬಾಯಿ ಮುಚ್ಚಿಕೊಂಡು ನಿಲ್ಲುವ ಕೆಲಸ. ಬರಿಗಾಲಲ್ಲಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಯಾರೋ ಹುಡುಗಿ ಫೋನೆತ್ತಿ ಮೂಳೆ ಡಾಕ್ಟರ ಸಮಯ ಕೊಟ್ಟಳು.

"ಜತೆಗೆ ಬರ್ತೀರಾ?" ಎಂದು ಇವರನ್ನು ಕೇಳಿದೆ.

"ಆಸ್ಪತ್ರೆ ಗಾಳಿ ನನ್ನ ಗಂಟಲಿಗೆ ಆಗಲ್ಲ, ಗೊತ್ತಲ್ಲ" ಎಂದರು.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಕಂಪ್ಯೂಟರಿನಲ್ಲಿ ನನ್ನ ಪಕ್ಕೆಯನ್ನು ಹಿಗ್ಗಿಸಿ ನೋಡಿದರು, ಕುಗ್ಗಿಸಿ ನೋಡಿದರು. ಅದರ ಒಡತಿ ಪಕ್ಕದಲ್ಲೇ ಕೂತಿದ್ದಳು. ಅವಳ ಕಡೆ ತಿರುಗಲಿಲ್ಲ.

"ಏನೋ ಬೆಳೆದಿರೋ ಹಾಗಿದೆ. ಇದರಲ್ಲಿ ಸರಿಯಾಗಿ ಗೊತ್ತಾಗಲ್ಲ. ಸ್ಕ್ಯಾನ್ ಮಾಡಿಸಿ."

"ಬೆಳೆದಿದೆ ಅಂದ್ರೆ?"

"ಸ್ಕ್ಯಾನ್ ಬರಲಿ, ನೋಡೋಣ."

ಬೆಳೆದಿದೆ ಎಂಬ ಒಂದು ಮಾತನ್ನು ಕೈಗೆ ಕೊಟ್ಟು ಮನೆಗೆ ಕಳಿಸಿದರು. ಸ್ಕ್ಯಾನಾಯಿತು. ವರದಿ ಬಂತೇ ಎಂದು ದಿನಾ ಫೋನು ಮಾಡಿದೆ. ದಿನಾ ಇವರೇ ಎತ್ತಿಕೊಂಡರು. ನಿಮ್ಮ ನೋವನ್ನು ನಾವು ಕೇಳಿಸಿಕೊಳ್ಳುತ್ತೇವೆ. ಒಂದು ದಿನ ಪಿತ್ತ ನೆತ್ತಿಗೇರಿ, "ಕೇಳಿಸ್ಕೊಂಡಿದ್ದು ಸಾಕು ಮಾರಾಯ್ರೇ, ಯಾರಾದ್ರೂ ಮನುಷ್ಯರಿಗೆ ಕೊಡಿ ಫೋನು" ಎಂದು ಮೆಟ್ಟಿಲ ಮೇಲೆ ಕೂತು ಒದರಿದೆ. ಮೇಲಿನ ಮನೆಯಾಕೆ ಇಣುಕಿ ನೋಡಿ ಒಳಗೆ ಹೋದಳು. ಗಂಡನ ಜತೆ ಅಷ್ಟು ಜೋರಾಗಿ ನಾನು ಮಾತಾಡಿದ್ದು ಅದೇ ಮೊದಲು.

ವರದಿ ಬಂದ ದಿನ ಮೂಳೆ ಡಾಕ್ಟರು ರಜೆ. ಅವರ ಜಾಗದಲ್ಲಿ ಒಬ್ಬ ಡಾಕ್ಟರಮ್ಮ ಕೂತಿದ್ದರು. ಚಿತ್ರಗಳನ್ನು ನೋಡಿ ಮುಗಿಸಿ, "ಮಲಗಿ" ಎಂದರು. ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಪಕ್ಕೆಯ ಮೇಲಿಟ್ಟರು. ಬೆರಳು ಸರಿಯಾಗಿ ಗಂಟಿನ ಮೇಲೆ ಬಂದು ನಿಂತಿತು. ನನಗೆ ಅಳು ಬಂತು. ಇಷ್ಟು ದಿನಕ್ಕೆ ಅದನ್ನು ಮುಟ್ಟಿದವರು ಅವರೊಬ್ಬರೇ.

"ಬಿದ್ದಿದ್ರಾ?"

"ಇಲ್ಲ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಯಾರಾದ್ರೂ ಹೊಡೆದಿದ್ರಾ? ನಾನು ಯಾರಿಗೂ ಹೇಳಲ್ಲ."

"ಹೊಡೆಯೋದಾ? ನಮ್ಮನೇಲಿ ಏಟಿನ ಸದ್ದೂ ಆಗೋ ಹಾಗಿಲ್ಲ ಡಾಕ್ಟ್ರೇ."

ಅವರು ನಗಲಿಲ್ಲ. "ಇದು ನೀವು ಹೆದರ್ಕೊಂಡಿರೋ ಕಾಯಿಲೆ ಅಲ್ಲ. ಮೂಳೆ ಮುರಿದು, ತಾನಾಗೇ ಕೂಡ್ಕೊಂಡಿದೆ. ಕೂಡಿದ ಜಾಗದಲ್ಲಿ ದಪ್ಪಗಾಗಿದೆ, ಅಷ್ಟೆ. ಏನೂ ಮಾಡ್ಬೇಕಾಗಿಲ್ಲ. ಆದ್ರೆ ಮುರಿದಿದ್ದು ಹೇಗೆ? ಕೆಮ್ಮೇನಾದ್ರೂ ಇತ್ತಾ, ಜೋರು ಕೆಮ್ಮು?"

ಸಾಯುವುದಿಲ್ಲ ಎಂದು ತಿಳಿದು, ಹೋದ ಜೀವ ಬಂದ ಹಾಗಾಯಿತು. ಬಂದ ಜೀವಕ್ಕೆ ಮರುಗಳಿಗೆಯಲ್ಲೇ ಎಲ್ಲ ನೆನಪಾಯಿತು.

ಕಳೆದ ಚಳಿಗಾಲ ಶಿಶುವಿಹಾರದಲ್ಲಿ ಮಕ್ಕಳಿಗೆ ನಾಯಿಕೆಮ್ಮು ಬಂದಿತ್ತು. ಅವರಿಂದ ನನಗೆ ಅಂಟಿತು. ಒಂದು ಸಲ ಶುರುವಾದರೆ ಉಸಿರೆಳೆದುಕೊಳ್ಳಲು ಬಿಡದೆ ಕರುಳು ಕಿತ್ತು ಬರುವ ಹಾಗೆ ಕೆಮ್ಮು. ಶಿಶುವಿಹಾರದಲ್ಲಿ ಚಿಂತೆಯಿರಲಿಲ್ಲ, ಆ ಮಕ್ಕಳ ಗಲಾಟೆಯಲ್ಲಿ ಮನಸಾರೆ ಕೆಮ್ಮಬಹುದಿತ್ತು. ಮನೆಯಲ್ಲಿ ದೀಪ ಉರಿಯುತ್ತಿತ್ತು. ಕೆಮ್ಮು ಬರುತ್ತಿದೆ ಎನಿಸಿದರೆ ಅಡುಗೆಮನೆಗೆ ಓಡಿ, ಟವೆಲನ್ನು ಬಾಯಿಗೆ ತುರುಕಿ, ಕಟ್ಟೆಯ ಮೇಲೆ ಬಗ್ಗಿ ಒಳಗೊಳಗೇ ಅದುಮುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಅದುಮಿದಾಗ ಎಡಪಕ್ಕೆಯಲ್ಲಿ ಲಟಕ್ಕೆಂದಿತು. ಟವೆಲು ಜಾರಿ 'ಅಮ್ಮಾ' ಎಂದು ಬಾಯಿಂದ ಹೊರಟೇಹೋಯಿತು. ನೆಲಕ್ಕೆ ಕುಸಿದು ಕೂತೆ. ದೀಪ ಆರಿತು. ಇವರು ಬಾಗಿಲಿಂದ ತಲೆ ಹೊರಹಾಕಿ ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಬಾಗಿಲು ಹಾಕಿಕೊಂಡರು. ದೀಪ ಮತ್ತೆ ಹೊತ್ತಿತು. ಉಳುಕಿದೆ ಎಂದುಕೊಂಡು ಮುಲಾಮು ತಿಕ್ಕಿಕೊಂಡು ನಾನು ಕೆಲಸಕ್ಕೆ ಹೋದೆ.

ನನಗೆ ನಾಯಿಕೆಮ್ಮಿತ್ತು, ಈಗಲೂ ಆಗಾಗ ಬರುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಿದೆ, ಟವೆಲಿನ ವಿಷಯವನ್ನೂ ಹೇಳಿದೆ.

"ಅಂಥ ಕೆಮ್ಮಿಗೆ ಪಕ್ಕೆಲುಬು ಮುರಿಯೋದುಂಟು. ಬಾಯಿ ಕಟ್ಟಿ ಒಳಗೇ ಅದುಮಿದ್ರೆ ಇನ್ನೂ ಕಷ್ಟ. ಆಗ ಜೀವ ಹೋಗೋ ಅಷ್ಟು ನೋವಾಗಿರ್ಬೇಕಲ್ಲ. ಮನೇಲಿ ಯಾರೂ ಇರ್ಲಿಲ್ವಾ?"

"ಇದ್ರು."

ಅವರು ನನ್ನನ್ನು ಎಬ್ಬಿಸಿ ಕೂರಿಸಿದರು. "ಈ ಕೆಮ್ಮು ಪೂರ್ತಿ ಹೋಗೋಕೆ ಸಮಯ ಬೇಕು, ಆಗಾಗ ಬರುತ್ತೆ. ಬಂದಾಗ ತಡೀಬೇಡಿ. ಪಕ್ಕೆ ಮೇಲೆ ಕೈಯಿಟ್ಟು ಒತ್ತಿ ಹಿಡ್ಕೊಂಡು, ಬಾಯಿ ಬಿಟ್ಟು ಕೆಮ್ಮಿ" ಎಂದರು. ಔಷಧಿಯೇನೂ ಬರೆಯಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಬಾಗಿಲು ಮುಚ್ಚುತ್ತಿದೆ ಎಂದು ಇವರು ಮೆಲ್ಲಗೆ ಹೇಳಿದರು.

ಮನೆಗೆ ಬಂದಾಗ ದೀಪ ಉರಿಯುತ್ತಿರಲಿಲ್ಲ. ಇವರು ಮೈಕಿನ ಮುಂದೆ ಹಾಳೆ ಜೋಡಿಸುತ್ತಿದ್ದರು. ಬಾಗಿಲಲ್ಲೇ ನಿಂತು, ಅದು ಅಂಥ ಗಂಟಲ್ಲವಂತೆ, ಮೂಳೆ ಮುರಿದು ಕೂಡಿದ್ದಂತೆ ಎಂದೆ.

"ನೋಡಿದ್ಯಾ? ಏನಿರಲ್ಲ ಅಂತ ನಾನು ಹೇಳ್ಲಿಲ್ವಾ? ಸುಮ್ನೆ ಓಡಾಡಿದೆ."

"ಚಳಿಗಾಲದಲ್ಲಿ ಒಂದಿನ ಬೆಳಿಗ್ಗೆ ಅಡುಗೆಮನೇಲಿ ಕುಸಿದು ಕೂತಿದ್ನಲ್ಲ. ನೆನಪಿದ್ಯಾ ನಿಮಗೆ?"

ಮರೆತಿದ್ದೇನೆ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮರೆವನ್ನಾದರೆ ಹೇಗೋ ನುಂಗಿಕೊಳ್ಳಬಹುದಿತ್ತು.

"ಕಿರುಚಿದ್ಯಲ್ಲ, ಆ ದಿನಾನಾ? ಅದನ್ನ ಮರೆಯೋಕಾಗುತ್ತಾ?" ಎಂದರು ಇವರು. "ಆ ಆಸ್ಪತ್ರೆಯವರ ಫೋನಿನದು ಓದ್ತಿದ್ದೆ. ಎಷ್ಟು ಸಲ ಓದಿದ್ರೂ ಅವರಿಗೆ ಒಪ್ಪಿಗೆ ಆಗಿರ್ಲಿಲ್ಲ, ಕರುಣೆ ಸಾಲ್ದು ಅಂತಿದ್ರು. ಅವತ್ತು ಅದೆಷ್ಟು ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ಮಧ್ಯದಲ್ಲಿ ನಿನ್ನ 'ಅಮ್ಮಾ'."

"ಮಧ್ಯದಲ್ಲಿ ಅಂದ್ರೆ ಎಲ್ಲಿ?"

ಇವರು ಗಂಟಲು ಸರಿಮಾಡಿಕೊಂಡರು. ಮೈಕಿಲ್ಲದೆ, ನನ್ನೆದುರಿಗೆ ನಿಂತು, ಆ ಧ್ವನಿ ತೆಗೆದರು. "ನಿಮ್ಮ ನೋವನ್ನು ನಾವು ಕೇಳಿಸಿಕೊಳ್ಳುತ್ತೇವೆ." ಬೆರಳಿಂದ ಗಾಳಿಯಲ್ಲಿ ಒಂದು ಜಾಗ ತೋರಿಸಿದರು. "ಇಲ್ಲಿ. ಇದರ ಬಾಲಕ್ಕೆ ಸರಿಯಾಗಿ. ಇನ್ನೊಂದು ಸಲ ಓದಿದ್ರೆ ಆ ಕರುಣೆ ಬರ್ತಿರ್ಲಿಲ್ಲ, ಅದಕ್ಕೇ ಅದನ್ನೇ ಉಳಿಸ್ಕೊಂಡು ನಿನ್ನ ಸದ್ದು ಮಾತ್ರ ಕತ್ತರಿಸಿ ತೆಗೆದೆ. ಇಡೀ ಮಧ್ಯಾಹ್ನ ಹಿಡೀತು. ಈಗ ಯಾರು ಕೇಳಿದ್ರೂ ಗೊತ್ತಾಗಲ್ಲ."

ಅವರ ಮುಖದಲ್ಲಿ ಹೆಮ್ಮೆಯಿತ್ತು. ನಾನೂ ಗೊತ್ತಾಗದವರಲ್ಲಿ ಒಬ್ಬಳು. ದಿನಾ ಫೋನು ಕಿವಿಗಿಟ್ಟು ಆ ಸಾಲನ್ನೇ ಕೇಳುತ್ತ ಕೂತಿದ್ದೆ.

"ಈಗಲಾದ್ರೂ ಒಂದ್ಸಲ ಮುಟ್ಟಿ ನೋಡಿ" ಎಂದೆ. ಯಾಕೆ ಕೇಳಿದೆನೋ, ನನಗೇ ನಾಚಿಕೆಯಾಯಿತು.

"ನೋಡ್ತೀನಿ, ನೋಡ್ತೀನಿ. ಇದೊಂದು ಇವತ್ತು ಕಳಿಸ್ಬೇಕು" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ನನ್ನ ಹಾಸಿಗೆಯನ್ನು ಬಾಗಿಲಿಗೆ ಎಳೆದುಕೊಂಡ ಸದ್ದಾಯಿತು. ಹಜಾರದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು.

ನಾನು ಅಲ್ಲೇ ನಿಂತಿದ್ದೆ. ಗಂಟಲಲ್ಲಿ ಕೆರೆತ ಶುರುವಾಯಿತು. ಕೈ ತಾನಾಗಿಯೇ ಮೇಲೆದ್ದು ಬಾಯಿಗೆ ಬಂತು, ಕಾಲು ಅಡುಗೆಮನೆಯ ಟವೆಲಿನ ಕಡೆ ತಿರುಗಿತು. ಡಾಕ್ಟರಮ್ಮ ಹೇಳಿದ್ದು ಕಿವಿಗೆ ಗೊತ್ತಿತ್ತು, ಕೈಕಾಲಿಗೆ ಇನ್ನೂ ಗೊತ್ತಿರಲಿಲ್ಲ. ಕೈಯನ್ನು ಬಾಯಿಂದ ತೆಗೆದು ಪಕ್ಕೆಯ ಮೇಲಿಟ್ಟೆ. ಗಂಟು ಅಂಗೈ ಕೆಳಗೆ ಸಿಕ್ಕಿತು. ಒತ್ತಿ ಹಿಡಿದುಕೊಂಡು, ಇವರ ಬಾಗಿಲಿಗೆ ಮುಖ ಕೊಟ್ಟು, ಬಾಯಿ ಬಿಟ್ಟು ಕೆಮ್ಮಿದೆ. ಕಣ್ಣಲ್ಲಿ ನೀರು ಬರುವ ತನಕ, ಚಳಿಗಾಲದಿಂದ ಒಳಗೆ ಅದುಮಿಟ್ಟದ್ದೆಲ್ಲ ಬರುವ ತನಕ ಕೆಮ್ಮಿದೆ.

ದೀಪ ಆರಿತು. ಹಾಸಿಗೆ ಸರಿಯಿತು. ಇವರು ತಲೆ ಹೊರಹಾಕಿದರು. ಬೆರಳು ಆಗಲೇ ತುಟಿಯ ಹತ್ತಿರವಿತ್ತು.

"ಮುಗೀತಾ?"

"ಇಲ್ಲ. ಇನ್ನೂ ಇದೆ" ಎಂದೆ. "ದಯವಿಟ್ಟು ಕಾಯಿರಿ."