ಕಲಾಯಿಗೆ ಹೋದ ಪಲ್ಟನ್

ಮೂವತ್ತಾರು ದಾಟಿದ ಗಂಡಸು ಸುಡುಬಿಸಿಲಲ್ಲಿ ಬೋರಲು ಮಲಗಿ ಬೆರಳುದ್ದದ ಸಿಪಾಯಿ ಗೊಂಬೆಗಳ ಫೋಟೋ ಹೊಡೆಯುತ್ತಾನೆಂದರೆ ಸೇಡಂನ ಜನ ನಗದೆ ಬಿಡುತ್ತಾರೆಯೇ? ಪ್ರಾಣೇಶನಿಗೆ ಅದರ ಪರಿವೆಯೇ ಇರಲಿಲ್ಲ. ವಾಡಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತಿಕೆ, ರಜೆ ಸಿಕ್ಕರೆ ರೈಲು ಹತ್ತಿ ಹೈದರಾಬಾದಿನ ಗುಜರಿ ಬಜಾರು. ನಾಲ್ಕು ವರ್ಷ ಹುಡುಕಿ ಇಪ್ಪತ್ತಮೂರು ಹಳೇ ಸಿಪಾಯಿಗಳನ್ನು ಕೂಡಿಹಾಕಿದ್ದ. ರಾವೂರಿನ ಖಣಿಯ ಕಲ್ಲುಚೂರುಗಳ ನಡುವೆ ಅವರನ್ನು ನಿಲ್ಲಿಸಿ, ಕ್ಯಾಮೆರಾವನ್ನು ನೆಲಕ್ಕೇ ಹಚ್ಚಿ ಹೊಡೆದರೆ ಅಂಗೈಯಗಲದ ಚೂರು ಬೆಟ್ಟವಾಗುತ್ತಿತ್ತು, ಸಿಪಾಯಿ ಆಳೆತ್ತರ ಕಾಣುತ್ತಿದ್ದ. ಮದುವೆ ಯಾವಾಗ ಎಂದು ಕೇಳಿದವರಿಗೆ ಆಲ್ಬಂ ತೆಗೆದು ತೋರಿಸುವ ಆಸಾಮಿ.

ಮೊದಲ ಸಿಪಾಯಿ ಮನೆಗೆ ಬಂದ ದಿನವೇ ತಾಯಿ ಪದ್ಮಾಬಾಯಿ ಕೇಳಿದ್ದರು, ಇದು ಸೀಸವೇನೋ, ಸೀಸ ವಿಷ, ಮನೆಯೊಳಗೆ ಬೇಡ ಎಂದು. ಸೀಸವೇ ಆಗಿತ್ತು. ಇವನು ನಿಂತ ನಿಲುವಿನಲ್ಲೇ ತವರ ಎಂದುಬಿಟ್ಟ. ಅವರು ನಂಬಿದರು. ಹೆತ್ತ ಮಗ ಗೊಂಬೆಯ ವಿಷಯಕ್ಕೆ ಸುಳ್ಳು ಹೇಳುತ್ತಾನೆಂದು ಯಾವ ತಾಯಿ ಅಂದುಕೊಂಡಾಳು?

ತೊಂಬತ್ತಾರನೆಯ ಇಸವಿಯಲ್ಲಿ ತಂದೆಯ ಶ್ರಾದ್ಧ ಬಂತು. ಶ್ರಾದ್ಧದ ಅಡುಗೆಗೆ ಸ್ಟೀಲು ನಡೆಯದು, ಹಿತ್ತಾಳೆ ಪಾತ್ರೆಯೇ ಬೇಕು, ಹಿಂದಿನ ದಿನ ಅದರ ಒಳಗೆ ಹೊಸದಾಗಿ ತವರದ ಕಲಾಯಿ ಆಗಬೇಕು. ಇದು ಪದ್ಮಾಬಾಯಿಯವರ ಕಟ್ಟುನಿಟ್ಟು. ಕಲಾಯಿಯ ಮೌಲಾಲಿ ಬಂದು ಬಾಗಿಲ ಮುಂದೆ ತಿದಿ ಊದಿ ಐದು ಪಾತ್ರೆ ಬೆಳಗಿಕೊಟ್ಟಿದ್ದ. ಪ್ರಾಣೇಶ ಆಗ ವಾಡಿಯಲ್ಲಿದ್ದ.

ಮರುದಿನ ಮಧ್ಯಾಹ್ನ. ರಘೂತ್ತಮಾಚಾರ್ಯರೂ ಇನ್ನೊಬ್ಬ ಬ್ರಾಹ್ಮಣರೂ ಎಲೆಯ ಮುಂದೆ ಕೂತಿದ್ದರು, ಬಡಿಸಿ ಆಗಿತ್ತು. ಬೆರಳಿಗೆ ದರ್ಭೆ ಸುತ್ತಿಕೊಂಡಿದ್ದ ಪ್ರಾಣೇಶ ತುಪ್ಪಕ್ಕೆಂದು ಒಳಗೆ ಹೋದವನು, ಈ ಸಲ ಪಾತ್ರೆ ಭಾರೀ ಹೊಳೆಯುತ್ತಿವೆಯಲ್ಲ ಎಂದ.

"ಮೌಲಾಲಿಗಿ ತವರ ಕಮ್ಮಿ ಬಿದ್ದಿತ್ತು. ನಿನ್ನ ಸಿಪಾಯಿಗೋಳು ಕೊಟ್ಟೆ," ಎಂದರು ಪದ್ಮಾಬಾಯಿ. "ಫೋಟೋ ಅಂತೂ ತಗೊಂಡಿದ್ದೀಯಲ್ಲ, ಇನ್ನ ಗೊಂಬಿ ಯಾಕ ಬೇಕು? ನಿಮ್ಮ ತಂದಿ ಕೆಲಸಕ್ಕ ಬಂದ್ವು."

ಅವನ ಮನಸ್ಸು ಮೊದಲು ಅತ್ತದ್ದು ಸಿಪಾಯಿಗಳಿಗಾಗಿ. ನಗಾರಿಯವನು, ಕೈ ಮುರಿದ ಬಾವುಟದವನು, ಎಲ್ಲ ಹೋದರಲ್ಲ! ಥೂ, ಮನುಷ್ಯನ ಬುದ್ಧಿಯೇ! ಹುಳಿಯ ನೆನಪು ಬಂದದ್ದು ಆಮೇಲೆ. ಹುಣಸೆಹುಳಿ ಬೆಳಗಿನಿಂದ ಆ ಪಾತ್ರೆಯಲ್ಲಿ, ಆ ಸೀಸದಲ್ಲಿ ಕುದಿದಿತ್ತು.

ಹೊರಗೆ ಆಚಾರ್ಯರು ಅಂಗೈಗೆ ನೀರು ಹಾಕಿಕೊಂಡು ಕುಡಿದೇಬಿಟ್ಟರು. ಇನ್ನು ಎಲೆಯಿಂದ ಎದ್ದರೆ ಆ ದಿನ ಮತ್ತೆ ಉಣ್ಣುವಂತಿಲ್ಲ, ಶ್ರಾದ್ಧ ಮುರಿದಂತೆಯೇ. ಹುಳಿಯಲ್ಲಿ ಹಲ್ಲಿ ಬಿದ್ದಿದೆ ಎಂದುಬಿಡಲೇ ಎಂದು ಪ್ರಾಣೇಶನ ನಾಲಗೆ ತುದಿಗೆ ಬಂತು. ಆದರೆ ಅನ್ನ, ಪಾಯಸ, ಪಲ್ಯ? ಐದು ಪಾತ್ರೆಗೂ ಹಲ್ಲಿ ಬೀಳುತ್ತದೆಯೇ? ಆಚಾರ್ಯರು ತುತ್ತು ಎತ್ತಿದರು. ಪ್ರಾಣೇಶ ಹೊರಗೆ ಓಡಿ ಬಂದ.

"ಉಣಬ್ಯಾಡ್ರಿ, ಆಚಾರ್ರೇ. ಪಾತ್ರಿಗಿ ಹಚ್ಚಿದ್ದು ಸೀಸ ಅದರಿ. ನಾನೇ ಅಮ್ಮಗ ತವರ ಅಂತ ಸುಳ್ಳು ಹೇಳಿದ್ದೆ."

ತುತ್ತು ಎಲೆಗೆ ಬಿತ್ತು. ಆಚಾರ್ಯರು ಬೈಯಲಿಲ್ಲ. ಇಷ್ಟು ಹೊತ್ತಿಗೆ ಬೇರೆ ಬ್ರಾಹ್ಮಣರು ಸಿಗುವುದಿಲ್ಲ, ಮತ್ತೆ ಅಡುಗೆಯಾಗುವಷ್ಟರಲ್ಲಿ ಹೊತ್ತು ಮೀರುತ್ತದೆ ಎಂದಷ್ಟೇ ಹೇಳಿ ಜೊತೆಯವರೊಂದಿಗೆ ಎದ್ದು ಹೋದರು. ವಿಷವನ್ನು ಹಸುವಿಗೂ ಹಾಕುವಂತಿಲ್ಲ, ಕಾಗೆಗೂ ಇಡುವಂತಿಲ್ಲ. ಪ್ರಾಣೇಶ ಹಿತ್ತಲಲ್ಲಿ ಗುಂಡಿ ತೋಡಿದ. ಪದ್ಮಾಬಾಯಿ ಒಂದೊಂದೇ ಪಾತ್ರೆ ತಂದು ಸುರಿದರು. ಪಾಯಸ ಮಣ್ಣಿನಲ್ಲಿ ಇಂಗುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಬೈಯಿ, ಹೊಡಿ, ಒಂದು ಮಾತಾದರೂ ಆಡು ಎಂದು ಕಾಲು ಹಿಡಿದ. ಅವರು ಕಾಲು ಬಿಡಿಸಿಕೊಂಡು ಒಳಗೆ ಹೋದರು. ನಿನ್ನೆ ಮಧ್ಯಾಹ್ನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಬೆಳಿಗ್ಗೆಯೇ ಕೆಲಸಕ್ಕೆಂದು ಮುಧೋಳಕ್ಕೆ ಹೋಗಿದ್ದ ಮೌಲಾಲಿ ಹೊತ್ತಿಳಿಯುವಾಗ ಬಂದು ಕಟ್ಟೆಯ ಮೇಲೆ ಒಂದು ಬಟ್ಟೆಗಂಟು ಬಿಚ್ಚಿಟ್ಟ, ಒಳಗೆ ಸಿಪಾಯಿಗಳು.

"ಇವು ತವರ ಅಲ್ರಿ ಅಮ್ಮಾ, ಸೀಸ. ಚಾಕು ಹಚ್ಚಿದ ಕೂಡಲೇ ಗೊತ್ತಾತು. ಉಣ್ಣೋ ಪಾತ್ರಿಗಿ ಇದನ್ನ ಹಚ್ಚಂಗಿಲ್ಲ, ಮನಿಗಿ ಹೋಗಿ ನನ್ನ ತವರ ತಂದು ಹಚ್ಚೀನಿ. ನಿನ್ನೇನೇ ಕೊಡಬೇಕಂತಿದ್ದೆ, ನೀವು ಮಡಿಯೊಳಗಿದ್ರಿ, ಕರೀಲಿಲ್ಲ."

ಪ್ರಾಣೇಶ ಕಂಬ ಹಿಡಿದು ಕೂತುಬಿಟ್ಟ. ಮೌಲಾಲಿಯ ಮನೆ ಎರಡು ಓಣಿಯಾಚೆ. ಅವನು ಊರಲ್ಲಿಲ್ಲದಿದ್ದರೆ ಅವನ ಹೆಂಡತಿ ಅಮೀರ್ಬೀಯನ್ನಾದರೂ ಒಂದು ಮಾತು ಕೇಳಿ ಬರಬೇಕೆಂದು ಇವನಿಗೆ ಹೊಳೆದಿರಲಿಲ್ಲ.

ಪದ್ಮಾಬಾಯಿ ಮೌಲಾಲಿಗೆ ಕೈಮುಗಿದರು. ಅವನು ಹೋದ ಮೇಲೆ, ಗುಂಡಿಗೆ ಅಡುಗೆ ಸುರಿದ ನಂತರದ ಮೊದಲ ಮಾತನ್ನು ಮಗನಿಗೆ ಆಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಅವತ್ತು ಕೇಳಿದಾಗ ನೀ ಖರೇ ಹೇಳಿದ್ದರ, ಇವತ್ತು ನಿಮ್ಮ ತಂದಿ ಉಂಡು ಹೋಗತಿದ್ದರು."