ಹೊಸ್ತಿಲಾಚೆ ನಿಂತು ಆಡಿದ ಮಾತು

ಮುಂಗಾರು ಇನ್ನೂ ಮೋಡದಲ್ಲೇ ಇದ್ದ ಮೇ ತಿಂಗಳ ಕೊನೆ, ಬೆಳಿಗ್ಗೆ ಹತ್ತರ ಹೊತ್ತು. ಹಳೇಬೀಡಿನ ಒಂದು ಖಾಸಗಿ ಶಾಲೆಯಲ್ಲಿ, ಆಗಲೇ ಎರಡು ಸಲ ಗುಡಿಸಿದ್ದ ಆಫೀಸಿನ ಜಗಲಿಯನ್ನು ಮಾರಮ್ಮ ಮತ್ತೆ ಗುಡಿಸುತ್ತಿದ್ದಳು. ಹದಿನೆಂಟು ವರ್ಷದಿಂದ ಆ ಶಾಲೆಯ ಕಸ ಅವಳದೇ. ಇವತ್ತು ಒಳಗೆ ಮಗಳು ಲತಾಮಣಿಗೆ ಟೀಚರ್ ಕೆಲಸದ ಸಂದರ್ಶನ.

ಅವಳ ಜೊತೆ ಬಿ.ಎಡ್. ಓದಿದ ಬಸ್ತಿಹಳ್ಳಿಯ ದರ್ಶಿನಿಯೂ ಬಂದಿದ್ದಳು. ಅಂಕದಲ್ಲಿ ಲತಾಮಣಿಯದೇ ಒಂದು ಕೈ ಮೇಲು. ದರ್ಶಿನಿಯ ತಂದೆ ಗೊಮ್ಮಟೇಶ ರಿಟೈರಾದ ಲೆಕ್ಚರರ್. ಕಾರ್ಯದರ್ಶಿ ನಟರಾಜನ ಎದುರು ಕುರ್ಚಿ ಎಳೆದು ಕೂತರು.

"ವಾರಕ್ಕೆ ಎಷ್ಟು ಪೀರಿಯಡ್ರೀ? ಪಿ.ಎಫ್. ಇದೆ ತಾನೆ? ಹದಿನೆಂಟು ಸಾವಿರಕ್ಕೆ ಕಡಿಮೆ ಆದ್ರೆ ಬೇಲೂರಲ್ಲಿ ಕರೀತಿದಾರೆ, ನೋಡಿ."

ನಗುನಗುತ್ತಲೇ ಎಲ್ಲ ಮುಗಿಯಿತು.

ಲತಾಮಣಿಯ ಸರದಿ ಬಂದಾಗ, ತನ್ನ ಮಗಳ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲ ಅನ್ನಿಸಿತು ಮಾರಮ್ಮನಿಗೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಹೊಸ್ತಿಲಾಚೆಯೇ ನಿಂತು ಕೈ ಮುಗಿದಳು.

"ನೀವೆಷ್ಟು ಕೊಟ್ರೂ ಸರಿ ಬುದ್ಧಿ. ಕೆಲ್ಸ ಅಂತ ಒಂದಾದ್ರೆ ಸಾಕು."

"ಮಾರಮ್ಮನ ಮಗಳು ಅಂದ್ರೆ ನಮ್ಮನೆ ಹುಡುಗಿ ಕಣಮ್ಮ," ಅಂದ ನಟರಾಜ, ಒಂಬತ್ತು ಸಾವಿರ ಬರೆದ.

ತಿಂಗಳಿಗೆ ಏಳು ಸಾವಿರ ಎಣಿಸುವ ಮಾರಮ್ಮನ ಕಣ್ಣಲ್ಲಿ ನೀರಾಡಿತು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ದರ್ಶಿನಿ ಕೇಳಿದಳು, "ನಿಂಗೂ ಹದಿನೆಂಟೇ ಅಲ್ವೇನೇ?"

ಲತಾಮಣಿ ನೇರ ಆಫೀಸಿಗೆ ಹೋದಳು. ನಟರಾಜ ದನಿ ಎತ್ತಲಿಲ್ಲ. "ನಿಮ್ಮವ್ವನೇ ಒಪ್ಪಿದ್ದಲ್ವಾ? ಅವಳನ್ನೇ ಕೇಳಮ್ಮ."

ಸಂಜೆ ಅವಳು ತಟ್ಟೆ ಮುಟ್ಟಲಿಲ್ಲ. "ನಾನು ಒಳಗೇ ಕೂತಿದ್ನಲ್ಲವ್ವ. ನಂಗೆ ಬಾಯಿರ್ಲಿಲ್ವಾ?"

"ದೊಡ್ಡೋರ ಮುಂದೆ ಹಂಗೇ ಅಲ್ವೇನೇ ಕೇಳಾದು? ನಮ್ಮವ್ವ ನನ್ನ ಕೆಲ್ಸಕ್ಕೆ ಬಿಟ್ಟಾಗ್ಲೂ ಹಂಗೇ ಕೇಳಿದ್ಲು."

"ಅದಕ್ಕೇ ನಿಂಗೆ ಏಳು."

ಮೂರು ದಿನ ಮಾರಮ್ಮ ಅದೇ ಮಾತನ್ನು ತಲೆಯಲ್ಲಿ ತಿರುಗಿಸಿದಳು. ತಾನು ಪೊರಕೆ ಹಿಡಿದು ಅವರ ಕಣ್ಣ ಮುಂದೆ ಓಡಾಡುವ ತನಕ ಮಗಳು ಕಸದವಳ ಮಗಳೇ, ಟೀಚರಮ್ಮ ಅಲ್ಲ. ಕೋಣೆಗಳ ಬೀಗದ ಕೈ ಗೊಂಚಲನ್ನು ನಟರಾಜನ ಮೇಜಿನ ಮೇಲಿಟ್ಟು, "ಇನ್ ಬರಾಕಿಲ್ಲ ಬುದ್ಧಿ," ಅಂದು ಬಂದುಬಿಟ್ಟಳು.

ಮರುದಿನ ಸಂಜೆ ಲತಾಮಣಿ ಬ್ಯಾಗನ್ನು ಚಾಪೆಯ ಮೇಲೆ ಹಾಕಿದಾಗ ಒಳಗೆ ಅದೇ ಗೊಂಚಲು ಝಲ್ಲೆಂದಿತು.

"ಬೇರೆಯೋರು ಸಿಗೋಗಂಟ ಬೆಳಿಗ್ಗೆ ಏಳಕ್ಕೆ ಬಂದು ನೀನೇ ಬಾಗ್ಲು ತೆಗಿ, ಕಸನೂ ಒಂಚೂರು ನೋಡ್ಕೊ ಅಂದ್ರು."

"ಸಂಬ್ಳ?"

"ಅಷ್ಟೇ."

ಆಮೇಲೆ ಬೇರೆಯವರು ಯಾರೂ ಬರಲಿಲ್ಲ. ಮಾರಮ್ಮ ಆ ಶಾಲೆ ಬಿಟ್ಟದ್ದು ಶ್ರಾವಣದ ಕಡೆಯ ಸೋಮವಾರ; ಮರುದಿನದಿಂದ ಅಲ್ಲಿಯ ಕಸ ಲತಾಮಣಿಯದು.