ಪುಡಿ ಚೆಲ್ಲಿದ ಬೆಳಿಗ್ಗೆ

ನನ್ನ ತಂಗಿ ಅಗ್ನಿಶಾಮಕ ಠಾಣೆಯ ರಾಸಾಯನಿಕ ತಂಡಕ್ಕೆ ಮುಖ್ಯಸ್ಥೆಯಾದ ಮೂರನೇ ದಿನವೇ ನಮ್ಮ ಉಗ್ರಾಣಕ್ಕೆ ಬೆಂಕಿ ಬಿತ್ತು. ಅವಳ ಕೈಕೆಳಗೆ ಒಂಬತ್ತು ಜನ ಗಂಡಸರು, ಎಲ್ಲರೂ ಅವಳಿಗಿಂತ ಹಿರಿಯರು. ಇವಳ ಮಾತು ನಡೆಯುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಕಾಯುತ್ತಿದ್ದವರು. ಮೊದಲ ಕರೆಯಲ್ಲೇ ಅವರೆಲ್ಲರ ಎದುರು ಅವಳ ಮಾತನ್ನು ತಳ್ಳಿಹಾಕಿದವನು ಒಡಹುಟ್ಟಿದ ಅಣ್ಣನಾದ ನಾನು. ಹೇಳಿಕೊಳ್ಳುವಂಥ ಘನಕಾರ್ಯವೇನಲ್ಲ, ಆದರೂ ಹೇಳುತ್ತೇನೆ.

ಈಜುಕೊಳಗಳಿಗೆ ಸಾಮಾನು ಒದಗಿಸುವ ಉಗ್ರಾಣದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಮೇಲ್ವಿಚಾರಕ. ಕೊಳದ ನೀರಿಗೆ ಹಾಕುವ ಬಿಳಿ ಕ್ಲೋರಿನ್ ಪುಡಿ ನಮ್ಮಲ್ಲಿ ಡ್ರಮ್ಮುಗಟ್ಟಲೆ ಇರುತ್ತದೆ. ಈ ಪುಡಿ ತಾನಾಗಿ ಉರಿಯುವುದಿಲ್ಲ. ಆದರೆ ಎಣ್ಣೆಯೋ ಬಟ್ಟೆಯೋ ಮರದ ಹೊಟ್ಟೋ ಜೊತೆಗೆ ಸಿಕ್ಕಿತೆಂದರೆ ಅದನ್ನು ಉರಿಸದೆ ಬಿಡುವುದಿಲ್ಲ. ಹೊಸಬರಿಗೆಲ್ಲ ಈ ಪಾಠ ಒಪ್ಪಿಸುವವನು ನಾನೇ. ಹಾಗಿದ್ದೂ ನನ್ನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಎಣ್ಣೆ ಒರೆಸುವ ಬಟ್ಟೆಯೊಂದು ಸದಾ ಇರುತ್ತಿತ್ತು. ಡ್ರಮ್ಮು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟಿಗೆ ಬ್ರೇಕ್ ಎಣ್ಣೆ ತುಂಬುವುದನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬೇರೆಯವರು ಚೆಲ್ಲುತ್ತಾರೆ ಎಂಬ ಜಂಬ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಚಾಲಕ ಫೋರ್ಕ್‌ಲಿಫ್ಟನ್ನು ತಿರುಗಿಸುವಾಗ ಒಂದು ಡ್ರಮ್ಮಿಗೆ ತಿವಿದ. ಎರಡು ಬುಟ್ಟಿಯಷ್ಟು ಪುಡಿ ನೆಲಕ್ಕೆ ಸುರಿಯಿತು. ಎಲ್ಲರನ್ನೂ ಹೊರಗೆ ಕಳಿಸಿ ಠಾಣೆಗೆ ಫೋನ್ ಮಾಡಬೇಕಿತ್ತು. ಅದು ಬಿಟ್ಟು ಮೊಣಕಾಲೂರಿ ಎರಡೂ ಕೈಯಿಂದ ಪುಡಿ ಬಳಿಯತೊಡಗಿದೆ. ತಂಗಿ ತನ್ನ ತಂಡ ಕಟ್ಟಿಕೊಂಡು ಬಂದು ನನ್ನ ಉಗ್ರಾಣದಲ್ಲಿ ಹುಳುಕು ಹುಡುಕುವುದು ನನಗೆ ಬೇಡವಾಗಿತ್ತು. ಫೋರ್ಕ್‌ಲಿಫ್ಟಿನ ಅಡಿಯಲ್ಲಿ ತೊಟ್ಟಿಕ್ಕಿದ್ದ ಎಣ್ಣೆಯವರೆಗೂ ಪುಡಿ ಹರಡಿದ್ದನ್ನು ನಾನು ಗಮನಿಸಲೇ ಇಲ್ಲ. ಹೊಗೆ ಎದ್ದಿತು, ಹಿಂದೆಯೇ ಜ್ವಾಲೆ. ಒದ್ದೆ ಗೋಣಿಚೀಲ ತಂದು ಮುಚ್ಚಿದೆ. ಒಲೆಯ ಬೆಂಕಿಯಾಗಿದ್ದರೆ ಗಾಳಿಯಿಲ್ಲದೆ ಸಾಯುತ್ತಿತ್ತು. ಇದು ತನಗೆ ಬೇಕಾದ ಉಸಿರನ್ನು ತಾನೇ ಕಟ್ಟಿಕೊಂಡು ಬಂದ ಬೆಂಕಿ, ಗೋಣಿಯನ್ನೂ ನುಂಗಿ ಹಾಕಿತು. ಚಾಲಕ ನನ್ನ ಕಾಲರ್ ಹಿಡಿದು ಹೊರಗೆಳೆದು, ಅಪಾಯದ ಗಂಟೆ ಒತ್ತಿ, ಠಾಣೆಗೆ ಫೋನ್ ಮಾಡಿದ.

ಏಳೆಂಟು ನಿಮಿಷದಲ್ಲಿ ಎರಡು ಬೆಂಕಿ ಆರಿಸುವ ಗಾಡಿಗಳು ಬಂದವು. ಇಳಿದವಳೇ ತಂಗಿ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಹೊಗೆ ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು. ಗಾಡಿಗಳನ್ನು ಗಾಳಿ ಬೀಸಿ ಬರುವ ಕಡೆಗೆ ತಿರುಗಿಸಿದಳು. ಒಳಗೆ ಯಾರಾದರೂ ಇದ್ದಾರಾ, ಎಷ್ಟು ಡ್ರಮ್, ಅವುಗಳ ಪಕ್ಕದಲ್ಲಿ ಏನಿದೆ ಎಂದು ಪಟಪಟನೆ ಕೇಳಿದಳು. ದೂರ ನಿಂತು ಧಾರಾಳವಾಗಿ ನೀರು ಹೊಡೆಯಿರಿ, ಚರಂಡಿಯ ಬಾಯಿಗೆ ಮರಳು ಚೀಲ ಒತ್ತಿ ಎಂದಳು. ನಾನು ಬೆನ್ನ ಮೇಲೆ ಕೂಸುಮರಿ ಹೊತ್ತು ತಿರುಗಿದ ಹುಡುಗಿ ಇವಳೇನಾ ಅನ್ನಿಸಿತು. ಕೆಮ್ಮಿನ ನಡುವೆಯೂ ನನಗೆ ಹೆಮ್ಮೆಯಾಗುತ್ತಿತ್ತು. ಆ ಗುಂಗಿನಲ್ಲಿ ಜೇಬಿನ ಬಟ್ಟೆ ತೆಗೆದು ಕೈಗೆ ಮೆತ್ತಿದ್ದ ಪುಡಿಯನ್ನು ಚೆನ್ನಾಗಿ ಒರೆಸಿಕೊಂಡು, ಬಟ್ಟೆಯನ್ನು ಮತ್ತೆ ಜೇಬಿಗೆ ತುರುಕಿದೆ.

ತಂಗಿ ತಿರುಗಿದಳು. ನನ್ನ ಮೊಣಕಾಲು ಬೆಳ್ಳಗಿರುವುದು ಕಂಡಿತು. ಪ್ಯಾಂಟು, ಅಂಗಿ, ಬೂಟು ಎಲ್ಲ ಈಗಲೇ ತೆಗಿ ಎಂದಳು.

ತೆಗೆಯುವುದೇನೋ ಸರಿ. ಒಳಗಿದ್ದದ್ದು ನನ್ನ ಹೆಂಡತಿ ಕಿಟಕಿ ಪರದೆಯ ಮಿಕ್ಕ ಬಟ್ಟೆಯಲ್ಲಿ ಹೊಲಿದ, ಅಂಗೈಯಗಲದ ಹಳದಿ ಹೂವುಗಳ ಚಡ್ಡಿ. ಅಂಗಳದ ತುಂಬ ನನ್ನ ಕೆಲಸಗಾರರು, ಅವಳ ಒಂಬತ್ತು ಜನ.

"ಪುಟ್ಟೀ, ಹಠ ಮಾಡ್ಬೇಡ. ಮನೆಗೆ ಹೋಗಿ ತೊಳ್ಕೋತೀನಿ. ನೀನು ನಿನ್ ಬೆಂಕಿ ನೋಡ್ಕೋ," ಅಂದೆ.

ಅವಳ ತಂಡದ ಯಾರೋ ಒಬ್ಬ ಕಿಸಕ್ಕನೆ ನಕ್ಕ. ನೀರಿನ ಪೈಪ್ ಎಳೆಯುತ್ತಿದ್ದ ಇಬ್ಬರು ಅಲ್ಲೇ ನಿಂತು ನಮ್ಮ ಕಡೆ ನೋಡಿದರು. ತಂಗಿಯ ಕಿವಿ ಕೆಂಪಾಯಿತು. ನನ್ನ ಒಂದು ಮಾತಿಗೆ ಅವಳು ತಂಡದ ಮುಖ್ಯಸ್ಥೆ ಹೋಗಿ ಪುಟ್ಟಿಯಾಗಿಬಿಟ್ಟಿದ್ದಳು. ಈಗ ಅವಳು ನನ್ನನ್ನು ಗೋಗರೆದರೆ ನಾಳೆಯಿಂದ ಆ ಒಂಬತ್ತು ಜನ ಅವಳನ್ನು ಕ್ಯಾರೇ ಅನ್ನುವುದಿಲ್ಲ. ಇದು ನನಗೆ ಗೊತ್ತಾದಾಗ ಮಾತು ಬಾಯಿಂದ ಜಾರಿ ಹೋಗಿತ್ತು.

ಅವಳು ಸೊಂಟದ ಚೀಲದಿಂದ ದೊಡ್ಡ ಕತ್ತರಿ ತೆಗೆದು ಹತ್ತಿರ ಬಂದಳು. ದನಿ ಏರಲಿಲ್ಲ.

"ಮೈಮೇಲೆ ಪುಡಿ ಬಿದ್ದೋರು ಯಾರೇ ಆಗ್ಲಿ, ಬಟ್ಟೆ ತೆಗೀಲೇಬೇಕು. ನೀನೇ ತೆಗೀತೀಯೋ, ನಾನು ಕತ್ತರಿಸ್ಲೋ?"

ಅವಳ ಕಣ್ಣು ನನ್ನ ಬೆಳ್ಳಗಾದ ಮೊಣಕಾಲನ್ನು ಬಿಟ್ಟು ಕದಲಲಿಲ್ಲ. ಅಷ್ಟು ಹತ್ತಿರ ನಿಂತಿದ್ದ ನನಗೊಬ್ಬನಿಗೇ ಆ ನೋಟ ಕಂಡದ್ದು. ಸಿಟ್ಟಿನ ನೋಟವಲ್ಲ, ಹೆದರಿಕೆಯದು. ನಾನು ಬೆಲ್ಟ್ ಬಿಚ್ಚಿದೆ.

ಹಳದಿ ಹೂವು ಕಂಡೊಡನೆ ಅಂಗಳದಲ್ಲಿ ನಗುವಿನ ಅಲೆ ಎದ್ದಿತು. ಅದು ಪೂರ್ತಿ ಏಳುವಷ್ಟರಲ್ಲಿ ನೆಲದ ಮೇಲಿದ್ದ ಪ್ಯಾಂಟಿನ ಹಿಂದಿನ ಜೇಬು ಸುಯ್ಯೆಂದಿತು. ಹೊಗೆ ಬಂತು. ಮರುಗಳಿಗೆ ಮೊಣಕಾಲೆತ್ತರದ ಉರಿ ಎದ್ದು ಪ್ಯಾಂಟಿನ ಕೂರುವ ಭಾಗವನ್ನೆಲ್ಲ ತಿಂದುಹಾಕಿತು. ನಗುತ್ತಿದ್ದವರು ಜೇಬನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅವಳನ್ನು ನೋಡಿದರು.

ಅವಳ ತಂಡದ ಸಹಾಯಕನೊಬ್ಬ ಪೈಪ್ ಎಳೆದು ತಂದು ಮೊದಲು ಪ್ಯಾಂಟಿಗೆ, ಆಮೇಲೆ ನನಗೆ ನೀರು ಬಿಟ್ಟ. ಹದಿನೈದು ನಿಮಿಷ ನೀರಿನ ಕೆಳಗೆ ನಿಲ್ಲಬೇಕು, ಕಣ್ಣು ತೆರೆದು ತೊಳೆಸಿಕೊಳ್ಳಬೇಕು, ಅದು ಅವರ ನಿಯಮ. ಅವನು ಕೈಗಡಿಯಾರ ನೋಡಿಕೊಂಡ. ತಂಗಿ ಒಂದು ಕಂಬಳಿಯನ್ನು ನನಗೆ ಮರೆಯಾಗಿ ಹಿಡಿದು, ನನಗೆ ಬೆನ್ನು ಹಾಕಿ ನಿಂತು, ಅಲ್ಲಿಂದಲೇ ತಂಡವನ್ನು ನಡೆಸಿದಳು. ಎಡಗಡೆಯ ಡ್ರಮ್ಮುಗಳನ್ನು ತಂಪಾಗಿಡಿ ಅಂದರೆ ಇಬ್ಬರು ಓಡಿದರು. ಇನ್ನೂ ಹಿಂದಕ್ಕೆ ಬನ್ನಿ ಅಂದರೆ ಮರುಮಾತಿಲ್ಲದೆ ಬಂದರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ, ಅಂಥ ಸುಖದಲ್ಲಿ ನಾನು ಯಾವತ್ತೂ ಸ್ನಾನ ಮಾಡಿರಲಿಲ್ಲ. ಹೊಗೆ ತೆಳುವಾಗುತ್ತ ಬಂತು. ಬೆಂಕಿ ಆರಿತೆಂದು ಒಬ್ಬ ಬಂದು ಅವಳಿಗೆ ಸೆಲ್ಯೂಟ್ ಹೊಡೆದು ಹೇಳಿದ.

ಇನ್ನು ಸಾಕಾ ಎಂದು ಕೇಳಿದೆ.

"ಇನ್ನೂ ಐದ್ ನಿಮಿಷ," ಅಂದಳು. ತಿರುಗಲಿಲ್ಲ. ತೋಳೆತ್ತಿ ಕಣ್ಣೊರೆಸಿಕೊಂಡಳು.

ಸಹಾಯಕ ಕೈಗಡಿಯಾರವನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಆಗಲೇ ಇಪ್ಪತ್ತನಾಲ್ಕು ನಿಮಿಷವಾಗಿತ್ತು. ಅವನು ಅವಳಿಗೆ ಹೇಳಲು ಬಾಯಿ ತೆರೆದ. ನಾನು ಬೇಡವೆಂದು ತಲೆಯಾಡಿಸಿ, ಮತ್ತೆ ನೀರಿಗೆ ತಲೆಯೊಡ್ಡಿದೆ.